ಅಂಕ ಬಂತು, ಅರ್ಥ ಯಾರು ಹೇಳ್ತಾರೆ?

ಫೋನಲ್ಲಿ ಒಂಬತ್ತು ಪ್ರಶ್ನೆಗೆ ಉತ್ತರ ಒತ್ತಿ, "ನಂಗೆ ಡಿಪ್ರೆಶನ್ ಇದೆಯಂತೆ" ಅಂತ ಸ್ಕ್ರೀನ್‌ಶಾಟ್ ಕಳಿಸೋ ಗೆಳೆಯರು ನಿಮಗೂ ಇರಬಹುದು. ಅದು ಹೆಚ್ಚಾಗಿ ಪಿಎಚ್‌ಕ್ಯೂ-9. ಟೊಳ್ಳು ಪರೀಕ್ಷೆಯೇನಲ್ಲ, ವೈದ್ಯರೂ ಬಳಸ್ತಾರೆ. ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ "ಇವರನ್ನು ಕೂರಿಸಿ ಮಾತಾಡಿಸಿ" ಅಂತ ಅರ್ಥ, ಕಾಯಿಲೆ ಖಚಿತ ಅಂತಲ್ಲ.

ಎರಡು ವಾರದಿಂದ ನಿದ್ದೆ ಕೆಟ್ಟಿದೆಯಾ, ಸುಸ್ತಾ ಅಂತ ಅದು ಕೇಳುತ್ತೆ. ನಮ್ಮ ಚನ್ನಗಿರಿ ಕಡೆ ಅಡಿಕೆ ಸುಲಿಯೋ ಕಾಲದಲ್ಲಿ ಕೇಳಿ ನೋಡಿ, ಅರ್ಧ ಊರಿಗೆ ಅಂಕ ಬರುತ್ತೆ! ದಣಿವೋ ಖಿನ್ನತೆಯೋ ಅಂತ ಬಿಡಿಸಿ ಹೇಳೋದು ಎದುರು ಕೂತ ತಜ್ಞರ ಕೆಲಸ. ಒಂದು ಮಾತು: ಸಾಯೋ ಯೋಚನೆ ಬಗೆಗಿನ ಒಂಬತ್ತನೇ ಪ್ರಶ್ನೆಗೆ ಉತ್ತರ ಹೌದಾದರೆ, ಒಟ್ಟು ಅಂಕ ನೋಡ್ತಾ ಕೂರಬೇಡಿ, ತಕ್ಷಣ ಸಹಾಯ ಕೇಳಿ.

ಹಾಗಾದರೆ ಪರೀಕ್ಷೆಯೇ ಬೇಡವಾ? ಜಗಳೂರಿನ ನನ್ನ ಚಿಕ್ಕಮ್ಮನ ಮಗಳದ್ದೂ ಇದೇ ಪ್ರಶ್ನೆ. ಎರಡನೇ ಕ್ಲಾಸಿನ ಮಗ ಓದಲ್ಲ, ಐಕ್ಯೂ ಟೆಸ್ಟ್ ಮಾಡಿಸಿ ಅಂದ್ರಂತೆ ಮೇಷ್ಟ್ರು. "ಅಕ್ಕಾ, ದಡ್ಡ ಅಂತ ಬರೆದುಬಿಟ್ರೆ ಅದೇ ಹೆಸರು ಉಳಿಯಲ್ವಾ?"

ಈ ಭಯ ಸುಳ್ಳಲ್ಲ. ಅಳತೆಗೋಲು ಮಗುವಿನ ಭಾಷೆಗೆ ಒಗ್ಗಬೇಕು. 1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ರೂಪಿಸಿದ ಪರೀಕ್ಷೆಯನ್ನು 1930ರ ದಶಕದಲ್ಲೇ ವಿ.ವಿ. ಕಾಮತ್ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ರು. ಬಿನೆ-ಕಾಮತ್ ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಆದರೆ ಅಂದಿನ ಮಕ್ಕಳ ಸರಾಸರಿಗೆ ಇಂದಿನ ಮಗುವನ್ನು ಹೋಲಿಸೋದು ಎಷ್ಟು ಸರಿ ಅನ್ನೋದನ್ನೂ ಕೇಳಲೇಬೇಕು.

ಅಂಕವೊಂದೇ ತೀರ್ಪಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಬುದ್ಧಿಶಕ್ತಿಯ ಜತೆ ದಿನನಿತ್ಯದ ನಡವಳಿಕೆಯನ್ನೂ ನೋಡು ಅನ್ನುತ್ತೆ. ಹುಡುಗ ಅಂಗಡಿಗೆ ಹೋಗಿ ಸರಿಯಾಗಿ ಚಿಲ್ಲರೆ ತರ್ತಾನಾ? ಆಟದ ನಿಯಮ ಗೊತ್ತಾ? ಅಕ್ಷರ ಮಾತ್ರ ಕಷ್ಟವಾದರೆ ಅದು ಕಲಿಕಾ ನ್ಯೂನತೆ ಇರಬಹುದು, ಅದಕ್ಕೆ ಬೇರೆಯೇ ಪರೀಕ್ಷೆ ಇದೆ. ಕಣ್ಣು, ಕಿವಿ ಮೊದಲು ತೋರಿಸಬೇಕು.

ಅವಳಿಗೆ ಹೇಳಿದ್ದು ಇಷ್ಟೇ: ಟೆಸ್ಟ್ ಮಾಡಿಸು, ಮೂರು ಪ್ರಶ್ನೆ ಕೇಳು. ಯಾವ ಭಾಷೇಲಿ ಮಾಡ್ತೀರಿ? ಮನೆಯವರ ಮಾತೂ ಕೇಳ್ತೀರಾ? ರಿಪೋರ್ಟ್ ಬಂದಮೇಲೆ ಮಗುಗೆ ಏನು ಸಹಾಯ ಸಿಗುತ್ತೆ? ಮೂರನೆಯದಕ್ಕೆ ಉತ್ತರವಿಲ್ಲದ ಟೆಸ್ಟ್ ಬರೀ ಹಣೆಪಟ್ಟಿ.

ಹೊನ್ನಾಳಿ, ನ್ಯಾಮತಿಯಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ ಹತ್ತೋ ಮುಂಚೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.