ಕೊನೆಯ ದಿನಾಂಕ ದೊಡ್ಡ ಪರದೆಯಲ್ಲೂ ಕಾಣಲಿಲ್ಲ

ಯಾದಗಿರಿಯಿಂದ ಶಹಾಪುರ, ಅಲ್ಲಿಂದ ಸುರಪುರ. ಎರಡೂ ಬಸ್ಸಿನಲ್ಲಿ ಮಾನಿಟರ್ ಪೆಟ್ಟಿಗೆಯನ್ನು ತೊಡೆ ಮೇಲಿಟ್ಟುಕೊಂಡೇ ಬಂದೆ. ಮದುವೆ ಕಾರ್ಡು, ಬ್ಯಾನರ್ ಡಿಸೈನ್ ಮಾಡಿ ಕೂಡಿಟ್ಟ 30 ಸಾವಿರ ರೂಪಾಯಿ ಅದರೊಳಗಿತ್ತು. ಬಿಚ್ಚಿ ಮೇಜಿನ ಮೇಲಿಟ್ಟಾಗ ಅವ್ವ, ‘ಇದರಾಗ ಸೀರಿಯಲ್ ಬರ್ತಾವೇನೋ?’ ಅಂದಳು. ಅಪ್ಪ, ‘ಇಷ್ಟು ರೊಕ್ಕದಾಗ ಮೂರು ಆಡು ಬರ್ತಿದ್ವು’ ಎಂದು ಹೊಲದ ಕಡೆ ನಡೆದರು.

27 ಇಂಚಿನ 4ಕೆ ಗೇಮಿಂಗ್ ಮಾನಿಟರ್. ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳು. ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು. ಆದರೆ ಆ ಚುಕ್ಕಿಗಳನ್ನೆಲ್ಲ ತುಂಬಿಸಬೇಕಾದದ್ದು ಗ್ರಾಫಿಕ್ಸ್ ಕಾರ್ಡ್, ನನ್ನದು ಹಳೆಯದು. ಅದರ ಎಚ್‌ಡಿಎಂಐ ಪೋರ್ಟ್ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ. ಮೌಸ್ ಬಾಣ ಕೆಸರಿನಲ್ಲಿ ಎಳೆದಂತೆ ಬರತೊಡಗಿತು. ಕೊಳ್ಳುವ ಮೊದಲೇ ಇದನ್ನು ತಿಳಿದುಕೊಳ್ಳಬೇಕಿತ್ತು. ಕೊನೆಗೆ 1080ಕ್ಕೆ ಇಳಿಸಿ ಆಡಿದೆ. ಅಂದರೆ ಕೊಟ್ಟ ದುಡ್ಡಿನ ಮುಕ್ಕಾಲು ಪಾಲು ಚುಕ್ಕಿ ವ್ಯರ್ಥ!

ಆದರೂ ಆಟ ಬಿಡಲಿಲ್ಲ. ಹದಿನೈದು ರಾತ್ರಿ ವ್ಯಾಲರಂಟ್. ಹದಿನಾರನೆಯ ದಿನ ಗೆಳೆಯ ಫೋನ್ ಮಾಡಿ, ‘ಫೀ ಕಟ್ಟಿದೆಯಾ?’ ಎಂದ. ಅರ್ಜಿಯ ಗಡುವು ಹಿಂದಿನ ದಿನವೇ ಮುಗಿದಿತ್ತು. ಒಂದು ವರ್ಷ ಓದಿದ ಪರೀಕ್ಷೆ ಅದು. ಮನೆಯಲ್ಲಿ ಇನ್ನೂ ಹೇಳಿಲ್ಲ, ಈ ಪುಟ ನೋಡಿದರೆ ತಿಳಿಯುತ್ತದೆ.

ಇಷ್ಟಾದ ಮೇಲೂ, ‘ಯುವಕರನ್ನು ಹಾಳು ಮಾಡುವುದೇ ಇವು’ ಎನ್ನುವವರ ಸಾಲಿಗೆ ನಾನು ಸೇರಲಾರೆ. ಮಲಗಬೇಕಾದ ಹೊತ್ತಿನಲ್ಲಿ ಆಡಿದವನು ನಾನು, ಮಾನಿಟರ್ ಅಲ್ಲ. ಅದೇ ಪರದೆಯನ್ನು 4ಕೆಗೆ ಏರಿಸಿ ಒಂದು ಮದುವೆ ಕಾರ್ಡು ತೆರೆದಾಗ ಬೇರೆಯೇ ಲೋಕ ಕಂಡಿತು. ಅಕ್ಷರ ನಿಂತಲ್ಲೇ ನಿಲ್ಲುವುದರಿಂದ 30 ಸಲ ಬಂದರೂ ಸಾಕು. ಹಳೆಯ ಪರದೆಯಲ್ಲಿ ಥ ಯಾವುದು, ಧ ಯಾವುದು ತಿಳಿಯದೆ ಹಿಗ್ಗಿಸಿ ನೋಡುತ್ತಿದ್ದೆ. ಈಗ ಥದೊಳಗಿನ ಚುಕ್ಕಿ ಸಣ್ಣಕ್ಷರದಲ್ಲೂ ಸಿಗುತ್ತದೆ. ‘ಲಕ್ಷ್ಮೀ’ಯ ಒತ್ತುಗಳು ಒಂದರೊಳಗೊಂದು ಕಲಸುವುದಿಲ್ಲ. ಇಂಗ್ಲಿಷಿನವರಿಗೆ ಚೂಪು ಪರದೆ ಶೋಕಿ ಇರಬಹುದು, ಅಕ್ಷರದ ಕೆಳಗೆ ಅಕ್ಷರ ಕೂರಿಸುವ ನಮಗೆ ಅದು ಕೆಲಸದ ಸಾಮಾನು. ನಮ್ಮ ಸುರಪುರ ಶೈಲಿಯ ಚಿತ್ರವೊಂದರ ಫೋಟೊ ಹಾಕಿ ನೋಡಿದೆ. ಕೂದಲೆಳೆಯಂಥ ಆ ಗೆರೆಗಳನ್ನು ಮೊಬೈಲಿನಲ್ಲಿ ನಾನು ಎಂದೂ ಕಂಡಿರಲಿಲ್ಲ.

ಹಾಗಂತ ಎಲ್ಲರೂ 4ಕೆ ಕೊಳ್ಳಿ ಎನ್ನುತ್ತಿಲ್ಲ. ಸೆಕೆಂಡ್‌ ಹ್ಯಾಂಡ್ ಫುಲ್ ಎಚ್‌ಡಿ ಸಾಕು. ಬ್ಯಾಂಕು, ಎಸ್‌ಎಸ್‌ಸಿ ಪರೀಕ್ಷೆಗಳು ಕಂಪ್ಯೂಟರ್‌ ಮೇಲೆಯೇ ನಡೆಯುತ್ತವೆ. ನಮ್ಮಲ್ಲಿ ಬಹಳಷ್ಟು ಮಂದಿ ಮೊಬೈಲಿನಲ್ಲೇ ಓದಿ, ಕಲಬುರಗಿಯ ಕೇಂದ್ರದಲ್ಲಿ ಮೊದಲ ಬಾರಿ ಮೌಸ್ ಹಿಡಿದು ನಡುಗುತ್ತೇವೆ. ಕಾಲೇಜುಗಳ ಲ್ಯಾಬ್ ಬೀಗ ಸಂಜೆ ಎರಡು ತಾಸು ತೆರೆದರೆ ಯಾರೂ 30 ಸಾವಿರ ಕೂಡಿಡಬೇಕಾಗಿಲ್ಲ.

ಈಗ ನಮ್ಮ ಮನೆಗೆ ಭಾನುವಾರ ನಾಲ್ವರು ಗೆಳೆಯರು ಮಾಕ್ ಟೆಸ್ಟ್ ಬರೆಯಲು ಬರುತ್ತಾರೆ. ಕರೆಂಟ್ ಇದ್ದರೆ. ಮೊನ್ನೆ ಅವರೆಲ್ಲ ಹೋದ ಮೇಲೆ ಅಪ್ಪ ಕುರ್ಚಿ ಎಳೆದುಕೊಂಡು ಕುಳಿತರು. ‘ನಮ್ಮ ಹೊಲದ ಪಹಣಿ ತಗೀ. ಹೆಸರು ಸರಿ ಐತೇನು ನೋಡೂಣು’ ಅಂದರು. ಕನ್ನಡಕ ಹಾಕದೆಯೇ ಓದಿದರು. ಆಡಿನ ಮಾತು ತೆಗೆಯಲಿಲ್ಲ.