ಅಕ್ಕಿಯ ಮೇಲೆ ಬರೆದ ಹೆಸರು

ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ವರನು ಉಂಗುರದಿಂದ ವಧುವಿನ ಹೊಸ ಹೆಸರನ್ನು ಬರೆಯುವ ಪದ್ಧತಿ ಉತ್ತರ ಕರ್ನಾಟಕದ ಕೆಲವು ಮನೆತನಗಳಲ್ಲಿ ಉಂಟು. ನಮ್ಮ ನೆರೆಮನೆಯ ಹಿರಿಯ ಸೋದರಿಯೊಬ್ಬರು ಹೀಗೆಯೇ ತವರಿನ ಹೆಸರನ್ನು ಹೊಸ್ತಿಲಾಚೆ ಬಿಟ್ಟು ಬಂದವರು. ಪತಿಯ ಸೇವಾ ಪುಸ್ತಕದಲ್ಲಿ ಅವರ ಹೊಸ ಹೆಸರು. ಶಾಲೆಯ ಪ್ರಮಾಣಪತ್ರದಲ್ಲಿ, ಅದನ್ನು ನೋಡಿ ಮಾಡಿಸಿದ ಆಧಾರ್‌ನಲ್ಲಿ ಹಳೆಯದು. ಪತಿ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆಂದು ಹೋದಾಗ, ಈ ಇಬ್ಬರೂ ಒಬ್ಬರೇ ಎಂಬುದಕ್ಕೆ ಆಧಾರವೇನು ಎಂದು ಕಚೇರಿಯವರು ಕೇಳಿದರು. ಹನ್ನೊಂದು ತಿಂಗಳು ಬಿಡಿಗಾಸೂ ಕೈಸೇರಲಿಲ್ಲ.

“ನಲವತ್ತು ವರ್ಷ ಸಂಸಾರ ಮಾಡೀನಿ. ನಾನು ನಾನೇ ಅಂತ ಈಗ ಯಾರ ಕಡಿಂದ ಹೇಳಿಸ್ಲಿ?” ಎಂದು ಅವರು ಕಣ್ಣೊರೆಸಿಕೊಂಡ ದಿನವೇ ಈ ವಿಷಯವನ್ನು ಬರೆಯಬೇಕೆನಿಸಿತು.

ವಾಚಕರು ಮೊದಲು ತಿಳಿಯಬೇಕಾದುದು ಇದು: ಮದುವೆಯಾದ ಹೆಣ್ಣು ಹೆಸರನ್ನಾಗಲಿ ಮನೆತನದ ಹೆಸರನ್ನಾಗಲಿ ಬದಲಿಸಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ವಿಧಿಸಿಲ್ಲ. ಬದಲಿಸುವುದು ರೂಢಿ, ಬದಲಿಸದಿರುವುದು ಹಕ್ಕು. ಇನ್ನು, ಬದಲಿಸಿಕೊಳ್ಳುವುದೂ ಹಕ್ಕೇ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಲಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪಿತ್ತು, ತನ್ನ ಹೆಸರಿನ ಮೇಲಣ ಅಧಿಕಾರವು ಸಂವಿಧಾನದ 19ನೆಯ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಅಡಕವಾಗಿದೆ ಎಂದು ಸಾರಿತು. ಆದರೆ ಅದು ಕಟ್ಟಿಲ್ಲದ ಹಕ್ಕಲ್ಲ. ನ್ಯಾಯಸಮ್ಮತ ನಿರ್ಬಂಧಗಳಿಗೆ ಒಳಪಟ್ಟದ್ದು.

ಹೆಸರು ಬದಲಾವಣೆಗೆಂದೇ ಇಡೀ ದೇಶಕ್ಕೆ ಅನ್ವಯವಾಗುವ ಒಂದೇ ಶಾಸನವಿಲ್ಲ. ರೂಢಿಯಲ್ಲಿರುವ ಮೆಟ್ಟಿಲುಗಳು ಮೂರು. ಮೊದಲನೆಯದು, ಛಾಪಾ ಕಾಗದದ ಮೇಲೆ ಹಳೆಯ ಹೆಸರು, ಹೊಸ ಹೆಸರು, ವಿಳಾಸ, ಕಾರಣ ಇವನ್ನು ಬರೆದು ನೋಟರಿಯ ಮುಂದೆ ಮಾಡುವ ಅಫಿಡವಿಟ್. ಎರಡನೆಯದು, ದಿನಪತ್ರಿಕೆಯಲ್ಲಿ ಪ್ರಕಟಣೆ. ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ ಕೊಡುವುದು ವಾಡಿಕೆ. ಮೂರನೆಯದು, ರಾಜ್ಯಪತ್ರದಲ್ಲಿ ಪ್ರಕಟಣೆ. ಭಾರತ ಸರ್ಕಾರದ ರಾಜ್ಯಪತ್ರದ 4ನೆಯ ಭಾಗ ಇಂತಹ ಖಾಸಗಿ ಪ್ರಕಟಣೆಗಳಿಗೆ ಮೀಸಲು. ಅರ್ಜಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಮೇಲೆ ಬ್ಯಾಂಕು, ಪಾನ್, ಆಧಾರ್, ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ತಿದ್ದಿಸಬೇಕು. ಆಧಾರ್‌ನಲ್ಲಿ ಸಾಮಾನ್ಯವಾಗಿ ಜೀವಮಾನದಲ್ಲಿ ಎರಡು ಬಾರಿ ಮಾತ್ರ ಹೆಸರು ತಿದ್ದಲು ಅವಕಾಶ. ಅಕ್ಷರ ಅಕ್ಷರವನ್ನೂ ನೋಡಿ ಕೊಡಿರಿ.

ಹೊಸ ಹೆಸರು ಬಂದೊಡನೆ ಹಳೆಯದು ಅಳಿಸಿಹೋಗುವುದೆಂಬ ಭ್ರಮೆ ಬೇಡ. ಹಳೆಯ ಹೆಸರಿನಲ್ಲಿ ಮಾಡಿದ ಸಾಲ, ಬರೆದುಕೊಟ್ಟ ಕರಾರು, ಹೂಡಿದ ದಾವೆ ಎಲ್ಲವೂ ಬೆನ್ನಿಗಿರುತ್ತವೆ. ಅಂತೆಯೇ ಅದರಲ್ಲಿ ಗಳಿಸಿದ ಆಸ್ತಿ, ಪದವಿಗಳೂ ನಿಮ್ಮವೇ. ನ್ಯಾಯಾಲಯಗಳ ದೃಷ್ಟಿಯೂ ಇದೇ. 2021ರ ತೀರ್ಪು ಪ್ರಮಾಣಪತ್ರವನ್ನು ತಿದ್ದುವಾಗ ಬದಲಾವಣೆಯ ಉಲ್ಲೇಖ ಉಳಿಯಬೇಕೆಂದಿತು. ಮಗುವಿನ ಜನನ ಪ್ರಮಾಣಪತ್ರದ ಬಗೆಗೆ 2025ರಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವೂ, 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಹೆಸರು ಬದಲಾವಣೆಗೆ ಅವಕಾಶ ಕಾಣದಿದ್ದರೂ, ತಾಯಿತಂದೆಯರ ಪ್ರಮಾಣದ ಮೇಲೆ ಹಳೆಯ ಮತ್ತು ಹೊಸ ಹೆಸರುಗಳೆರಡನ್ನೂ ದಾಖಲಿಸುವ ದಾರಿಯನ್ನು ತೋರಿತು. ಹಳೆಯ ಹೆಸರಿಗೂ ಹೊಸ ಹೆಸರಿಗೂ ಗಂಟು ಹಾಕುವ ಒಂದು ಕಾಗದ ಇರಬೇಕು, ಅಷ್ಟೆ.

ಆ ಸೋದರಿಗೂ ಕೊನೆಗೆ ನೆರವಾದದ್ದು ಆ ಗಂಟೇ. ಎರಡೂ ಹೆಸರಿನವಳು ತಾನೊಬ್ಬಳೇ ಎಂಬ ಅಫಿಡವಿಟ್, ಮದುವೆಯ ಲಗ್ನಪತ್ರಿಕೆ, ಪತ್ರಿಕಾ ಪ್ರಕಟಣೆ ಇವನ್ನೆಲ್ಲ ಜೋಡಿಸಿ ಕೊಟ್ಟ ಮೇಲೆ ಪಿಂಚಣಿ ಬಂದಿತು. ಲಗ್ನಪತ್ರಿಕೆಯನ್ನು ಆಕೆಯ ತಾಯಿ ಟ್ರಂಕಿನ ತಳದಲ್ಲಿ ಜೋಪಾನ ಮಾಡಿಟ್ಟಿದ್ದರಂತೆ.

ಮಗಳ ಮದುವೆಯ ಸಂಭ್ರಮದಲ್ಲಿರುವ ತಾಯಿತಂದೆಯರೇ, ಹೆಸರು ಬದಲಿಸುವ ಮುನ್ನ ಅವಳ ಮನಸ್ಸನ್ನು ಕೇಳಿರಿ. ಅವಳು ಒಪ್ಪಿದರೆ ಅಂದಿನ ವಾರದೊಳಗೇ ಕಾಗದವನ್ನೂ ಮಾಡಿಸಿರಿ. ತಟ್ಟೆಯ ಅಕ್ಕಿ ಮರುದಿನ ಅನ್ನವಾಗಿ ಹೋಗುತ್ತದೆ. ಅದರ ಮೇಲೆ ಬರೆದ ಹೆಸರಿಗೆ ಮುಂದೆ ಸಾಕ್ಷಿ ಹೇಳುವವರು ಇರುವುದಿಲ್ಲ.