ಕಾರ್ಡ್ ನಿಮ್ಮದು, ನಂಬರ್ ಇನ್ನೊಬ್ಬರದ್ದು

ಕಾಗದದ ವಿಸಿಟಿಂಗ್ ಕಾರ್ಡ್ ಕೊಟ್ಟರೆ ವಿಷಯ ಇಬ್ಬರ ನಡುವೆಯೇ ಮುಗಿಯುತ್ತಿತ್ತು. ಡಿಜಿಟಲ್ ಕಾರ್ಡ್ ಹಾಗಲ್ಲ. ಕ್ಯೂಆರ್ ಕೋಡ್ ಕಂಪನಿಯ ಲಿಂಕ್ ತೆರೆಯುವಂತಿದ್ದರೆ, ಯಾವಾಗ, ಯಾವ ಊರಲ್ಲಿ ಸ್ಕ್ಯಾನ್ ಆಯ್ತು ಅನ್ನೋದು ಅವರ ಸರ್ವರ್‌ನಲ್ಲಿ ದಾಖಲಾಗಬಹುದು. ‘ನಿಮ್ಮ ನಂಬರೂ ಕೊಡಿ’ ಎಂಬ ಫಾರ್ಮ್ ತುಂಬಿದರೆ ಎದುರಿನವರ ವಿವರವೂ ಅಲ್ಲಿಗೇ. ಅದು ನಿಮ್ಮನ್ನು ನಂಬಿ ಕೊಟ್ಟ ನಂಬರ್.

ಸೋರಿಕೆ ತಡೆಯದ ಕಂಪನಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ. ದಂಡದ ಹಣವೂ ಸರ್ಕಾರದ ಖಜಾನೆಗೆ, ನಂಬರ್ ಕಳಕೊಂಡವರಿಗಲ್ಲ.

ಹಾಗಾಗಿ ಖಾತೆ ಅಳಿಸಿದರೆ ಮಾಹಿತಿಯೂ ಅಳಿಯುತ್ತಾ ಅಂತ ಮೊದಲೇ ನೋಡಿ. ಹೆಸರು, ನಂಬರ್ ಸಾಕು ಅನ್ನೋರಿಗೆ ವಿವರವನ್ನೇ ಒಳಗಿಟ್ಟ ವಿ-ಕಾರ್ಡ್ ಕ್ಯೂಆರ್ ಇದೆ. ಅದಕ್ಕೆ ನಡುವೆ ಯಾವ ಸರ್ವರೂ ಬೇಡ.